ಭೀಮಸೇನ ಹಸಿರು ಬಣ್ಣ ಕೆರೆದದ್ದು

ಹತ್ತು ತಿಂಗಳ ಕೂಸು ಹಸಿರು ಬಣ್ಣದ ಕಿಟಕಿಯ ಚೌಕಟ್ಟನ್ನು ಕಬ್ಬಿನ ಜಲ್ಲೆಯಂತೆ ಸೀಪತೊಡಗಿದ್ದೇ ಇಷ್ಟಕ್ಕೆಲ್ಲ ಕಾರಣ. ಅರವತ್ತನಾಲ್ಕನೇ ಇಸವಿಯ ಮಾತು. ಬರೋಡಾದ ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಧಾರವಾಡದ ಭೀಮಸೇನ ಕೂಸನ್ನು ಡಾಕ್ಟರಿಗೆ ತೋರಿಸಿದ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಮಕ್ಕಳಿಗೆ ಅದು ವಿಷ, ನೀರಲ್ಲಿ ನೆನೆಸಿ ಕೆರೆದು ತೆಗೆಯಿರಿ, ಪುಡಿ ಹಾರಿಸಬೇಡಿ ಎಂದರು ಅವರು. ಹೆಂಡತಿ ರಮಾಮಣಿ ಅಂದೇ ಕೂಸನ್ನೆತ್ತಿಕೊಂಡು ಸೂರತ್ತಿನ ಅಣ್ಣನ ಮನೆಗೆ ಹೊರಟಳು.

"ರವಿವಾರ ಸಂಜೀ ಗಾಡಿಗೆ ಬರ್ತೀನಿ. ಅಷ್ಟರಾಗ ಆ ಹಸಿರು ಬಣ್ಣ ಇರಬಾರದು ನೋಡ್ರಿ. ಇದ್ದರ ಕೂಸು ಈ ಮನೀ ಹೊಸ್ತಿಲಾ ದಾಟೂದಿಲ್ಲ."

ಕೆಳಗಿನ ಅಂತಸ್ತಿನಲ್ಲಿದ್ದ ಮಾಲೀಕ ಜಯಂತಿಭಾಯಿ ಗೋಡೆಗೊಂದು ಮೊಳೆ ಹೊಡೆದರೂ ಸಾಮಾನು ಬೀದಿಗೆ ಹಾಕಿಸುವ ಮನುಷ್ಯ. ಹಾಗಾಗಿ ಭಾನುವಾರ ಬೆಳಿಗ್ಗೆ ಭೀಮಸೇನ ಬಾಗಿಲು ಹಾಕಿಕೊಂಡು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ದೋಸೆ ಮಗುಚುವ ಸಟ್ಟುಗ ಹಿಡಿದು ಕಿಟಕಿಯ ಮುಂದೆ ನಿಂತ.

ಹತ್ತು ನಿಮಿಷಕ್ಕೆಲ್ಲ ಪಕ್ಕದ ಖೋಲಿಯ ಬ್ಯಾಂಕಿನ ಅನಂತರಾಮ ತಾಯಿ ಕಾಮಾಕ್ಷಮ್ಮನ ಸಮೇತ ಹಾಜರಾದ.

"ಏನ್ ರಾಯರೇ, ಕಳ್ಳ ಕನ್ನ ಕೊರೆಯೋ ಸದ್ದು ಬರ್ತಿದೆ?" ಸಂಗತಿ ತಿಳಿದ ಮೇಲೆ, "ಹಿಂಗೆ ಕೆರೀತಾ ಕೂತ್ರೆ ಮಗು ಮದುವೆಗೆ ಬರುತ್ತೆ ಅಷ್ಟೆ. ಸ್ಟೌ ತನ್ನಿ, ಸುಟ್ಟುಬಿಡೋಣ."

"ಬ್ಯಾಡ್ರೀ, ಆ ಹೊಗೀನೂ ವಿಷ ಅಂತ."

ಕಾಮಾಕ್ಷಮ್ಮನ ಕಣ್ಣು ಬೇರೆ ಕಡೆಯಿತ್ತು. "ಆ ಸಟ್ಟುಗ ಇನ್ನು ಒಲೆ ಹತ್ರ ಹೋಗಕೂಡದು ಕಣಪ್ಪ. ರಮಾಮಣಿಗೆ ಹೇಳೋರು ಯಾರು?"

"ನೀವ ಹೇಳ್ರಿ, ಅಮ್ಮಾ."

"ನಾನು ಆ ಹೊತ್ತಿಗೆ ದೇವಸ್ಥಾನದಲ್ಲಿರ್ತೀನಿ."

"ನೀರು ಸಾಲದು ರಾಯರೇ, ಧಾರಾಳವಾಗಿ ಹಾಕಿ" ಎನ್ನುತ್ತ ಅನಂತರಾಮ ಬಕೆಟ್ಟನ್ನೇ ಎತ್ತಿ ಸುರಿದ. ಹಸಿರು ನೀರು ಕಿಟಕಿ ದಾಟಿ ಕೆಳಗಿನ ಅಂಗಳಕ್ಕೆ ಇಳಿಯಿತು. ಅಲ್ಲಿ ಹಗ್ಗದ ಮಂಚದ ಮೇಲೆ ಜಯಂತಿಭಾಯಿ ಮನೆಯ ಇನ್ನೂರು ಹಪ್ಪಳ ಒಣಗುತ್ತಿದ್ದವು. ಒಂದೊಂದೂ ಕೊತ್ತಂಬರಿ ಚಟ್ನಿ ಸವರಿದ ಹಾಗೆ ಕಂಡವು.

ಜಯಂತಿಭಾಯಿ ಮೆಟ್ಟಿಲು ಹತ್ತುವಷ್ಟರಲ್ಲಿ ತಾಯಿಯೂ ಇಲ್ಲ, ಮಗನೂ ಇಲ್ಲ. ಅವರು ಅರ್ಧ ಬೋಳಾದ ಕಿಟಕಿಯನ್ನು ನೋಡಿದರು, ಭೀಮಸೇನನನ್ನು ನೋಡಿದರು. "ಇವತ್ತೇ ಖಾಲಿ ಮಾಡಿ" ಎಂದರು.

ಅಷ್ಟರಲ್ಲಿ ಕೆಳಗಿನಿಂದ ಅವರ ಹೆಂಡತಿ ಕೂಗಿದಳು: "ಹೋಗಲಿ ಬಿಡಿ, ಒರೆಸಿ ಒಣಗಿಸಿದರೆ ತಿನ್ನಬಹುದು."

ಭೀಮಸೇನ ಸುಮ್ಮನಿರಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಹರಕು ಹಿಂದಿಯಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ, ಹೇಳದಿದ್ದನ್ನೂ ಸ್ವಲ್ಪ ಸೇರಿಸಿದ. ಹೊಟ್ಟೆನೋವು ಬರುತ್ತದೆ, ಬುದ್ಧಿ ಮಂಕಾಗುತ್ತದೆ, ಎಳೆ ಮಕ್ಕಳಿಗೂ ಬಸುರಿಯರಿಗೂ ಬಹಳ ಕೆಟ್ಟದ್ದು ಎಂದು ಕೈ ಆಡಿಸಿ ವಿವರಿಸಿದ. "ಬಸುರಿಯರಿಗೂನಾ?" ಎಂದು ಜಯಂತಿಭಾಯಿ ಎರಡು ಸಲ ಕೇಳಿದರು. ಹಪ್ಪಳ ಬಿಸಾಡಲು ಹೇಳಿ ಕಳಿಸಿದರು.

"ಮನೆ ಬಿಡೋದು ಬೇಡ ಭಾಯಿ. ಪೂರಾ ತೆಗೆದುಬಿಡಿ" ಎಂದರು.

ಭೀಮಸೇನನಿಗೆ ಹೋದ ಜೀವ ಬಂದಂತಾಯಿತು. ಜಯಂತಿಭಾಯಿ ಚಹಾ ತರಿಸಿಕೊಟ್ಟು, ಬೆನ್ನ ಹಿಂದೆಯೇ ನಿಂತು, ಉಳಿದ ಚುಕ್ಕೆಗಳನ್ನೆಲ್ಲ ಬೆರಳಿಟ್ಟು ತೋರಿಸಿದರು. ನಾಲ್ಕು ಗಂಟೆಗೆ ಕಿಟಕಿಯ ಸಾಗವಾನಿ ಹೊಸ ಮದುಮಗನಂತೆ ಹೊಳೆಯಿತು. ನೆಲವನ್ನೂ ಎರಡು ಸಲ ಒರೆಸಿದ್ದಾಯಿತು.

"ಶಾಬಾಸ್" ಎಂದರು ಜಯಂತಿಭಾಯಿ. "ನಾಳೆ ಬೆಳಿಗ್ಗೆ ನನ್ನ ಮಗಳು ಹೆರಿಗೆಗೆ ಬರ್ತಾಳೆ. ನಿಮ್ಮ ತಲೆ ಮೇಲಿನ ಅಂತಸ್ತಿನ ಖೋಲಿ ಅವಳಿಗೆ ಅಂತ ಇಟ್ಟಿದ್ದೆ. ನೀವು ಇಷ್ಟು ಹೇಳಿದ ಮೇಲೆ ಅಲ್ಲಿ ಹೇಗೆ ಮಲಗಿಸಲಿ? ಅವಳು ಇಲ್ಲಿರಲಿ, ನಿಮ್ಮ ಸಾಮಾನು ಈಗಲೇ ಮೇಲೆ ಹೋಗಲಿ. ನಿಮಗಂತೂ ಕೆಲಸ ಬರುತ್ತೆ."

ಭೀಮಸೇನ ಹಾಸಿಗೆ ಹೊತ್ತು ಮೇಲೆ ಹೋಗಿ ಬಾಗಿಲು ತೆರೆದ. ನಾಲ್ಕು ಕಿಟಕಿ, ನಾಲ್ಕೂ ಹಸಿರು. ನಡುವೆ ಒಂದು ದೊಡ್ಡ ತೂಗುಮಂಚ, ಕೂಸಿನ ಬಾಯಿಗೆ ಸರಿಯಾದ ಎತ್ತರದಲ್ಲಿ. ಅದೂ ಹಸಿರು.

ಸೂರತ್ತಿನ ಗಾಡಿ ಬರಲು ಇನ್ನು ಒಂದು ಗಂಟೆಯಿತ್ತು.