ಕಡಕ್ ರೊಟ್ಟಿ ಮತ್ತು ಒಂದು ಬೆರಳಿನ ಬಾಯಿ

ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ಗುಣ ಎನ್ನುತ್ತಾರೆ. ನನಗೆ ಆ ಗುಣ ಬಂದದ್ದು ಒಮ್ಮೆ ಮಾತ್ರ, ಅದೂ ದವಡೆಯ ಕೀಲಿಗೆ ಸೋಂಕು ತಗುಲಿ. ಎರಡು ಸಾವಿರದ ಇಸವಿ ಹತ್ತಿರವಾಗಿತ್ತು; ಆಗ ಅಮೆರಿಕದ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ನಾವೆಲ್ಲ ಹಳೆಯ ಪ್ರೋಗ್ರಾಮುಗಳ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುತ್ತಿದ್ದೆವು. ರಜೆ ಕೇಳಲು ಅಂಜಿಕೆ. ದವಡೆಹಲ್ಲು ನೋಯತೊಡಗಿದಾಗ, ಊರಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಆ್ಯಂಟಿಬಯಾಟಿಕ್ ಗುಳಿಗೆ ನುಂಗಿದೆ. ಎರಡೇ ದಿನಕ್ಕೆ ನೋವು ಇಳಿಯಿತು. ಉಳಿದವನ್ನು ಮುಂದೆ ಬೇಕಾದೀತೆಂದು ಎತ್ತಿಟ್ಟೆ. ಇಂಥ ಅರ್ಧ ಪಟ್ಟಿ ಗುಳಿಗೆ ಇಲ್ಲದ ನಮ್ಮವರ ಮನೆಯನ್ನು ನಾನಿನ್ನೂ ಕಂಡಿಲ್ಲ. ವಾರದೊಳಗೆ ಕಿವಿಯ ಮುಂದೆ ಊದಿಕೊಂಡು, ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯದಾಯಿತು. ಡಾಕ್ಟರು ಸೂಜಿ ಹಾಕಿ ಕೀಲಿನ ಕೀವು ತೆಗೆದರು; ಬಾಯಲ್ಲಿ ಮೂರು ಬೆರಳು ಹಿಡಿಸುವವರೆಗೆ ಗಟ್ಟಿಯಾದದ್ದನ್ನು ಕಚ್ಚಕೂಡದು ಎಂದರು.

ಅದೇ ವಾರ ಗದಗಿನಿಂದ ಅಕ್ಕ ಕಳಿಸಿದ ಕಡಕ್ ರೊಟ್ಟಿ ಬರಬೇಕೇ! ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೂವತ್ತು. ಗೆಳೆಯನೊಬ್ಬ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಎರಡು ವರ್ಷದಿಂದ ಅದರ ಸಪ್ಪಳಕ್ಕೆ ಹಂಬಲಿಸಿದ್ದೆ. ಡಬ್ಬಿ ತೆರೆದು ಮೂಸಿದರೆ ಅಕ್ಕನ ಒಲೆಯ ಮುಂದೆ ಕೂತಂತಾಗಿ ಅಳುವೇ ಬಂತು. ದವಡೆ ನೋವೆಂದುಕೊಂಡು ಹೆಂಡತಿ ಸುಧಾ ಬಿಸಿನೀರಿನ ಚೀಲ ತಂದಳು.

ರೋಗಿಯನ್ನು ನೋಡಲು ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಂದವರ ಮುಂದೆಲ್ಲ ಸುಧಾ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇಟ್ಟಳು. ಈಸ್ಟ್ ಬ್ರನ್ಸ್‌ವಿಕ್‌ನ ಪಾಟೀಲ ಅಂಕಲ್, "ನೀ ಏನೂ ಮಾತಾಡಬ್ಯಾಡೋ, ರೆಸ್ಟ್ ತಗೋ" ಎನ್ನುತ್ತ ನಾಲ್ಕು ಮುಗಿಸಿದರು. ಕರುಂ ಕರುಂ. ನಾನು ಸ್ಟ್ರಾನಲ್ಲಿ ಗಂಜಿ ಹೀರುತ್ತ ಅವರ ದವಡೆಯನ್ನೇ ನೋಡುತ್ತಿದ್ದೆ. ಅವರು ಹೋದಮೇಲೆ 'ನನಗೂ ಉಳಿಸು' ಎಂದು ಸುಧಾಳಿಗೆ ಚೀಟಿ ಬರೆದುಕೊಟ್ಟೆ.

"ತಿನ್ನಲಿಕ್ಕೆ ಬಾಯಿ ಎಲ್ಲದರಿ ನಿಮಗ?" ಎಂದಳು.

ತಿಂಗಳಾಗುವಾಗ ಬಾಯಿ ಎರಡು ಬೆರಳಷ್ಟು ತೆರೆಯಿತು. ಡಬ್ಬಿಯಲ್ಲಿ ಉಳಿದದ್ದು ಒಂದೇ ರೊಟ್ಟಿ, ಸುಧಾ ಬಚ್ಚಿಟ್ಟದ್ದು. ಕಚ್ಚುವ ಧೈರ್ಯವಿರಲಿಲ್ಲ. ಚಿಕ್ಕವನಿದ್ದಾಗ ಬೊಚ್ಚುಬಾಯಿಯ ಅಜ್ಜ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುವುದನ್ನು ಅಣಕಿಸಿ ಅಕ್ಕನನ್ನು ನಗಿಸುತ್ತಿದ್ದೆ. ಈಗ ನಾನೇ ಹಾಲಿನ ಬಟ್ಟಲು ಹಿಡಿದು ಕೂತೆ. ರೊಟ್ಟಿ ಸದ್ದಿಲ್ಲದೆ ಮೆತ್ತಗಾಯಿತು.

ಆ ಭಾನುವಾರ ಫೋನಿನಲ್ಲಿ ಅಕ್ಕ ಕೇಳಿದಳು: "ಹೆಂಗಿದ್ವೋ ರೊಟ್ಟಿ? ಕಡಕ್ ಇದ್ವಿಲ್ಲೋ?"

"ಕರುಂ ಕರುಂ ಅಂತಿದ್ವು ಅಕ್ಕಾ" ಎಂದೆ. ಸುಳ್ಳೇನಲ್ಲ. ಪಾಟೀಲ ಅಂಕಲ್ ಬಾಯಲ್ಲಿ ನನ್ನ ಕಿವಿಯಾರೆ ಕೇಳಿದ್ದೆ.