ಇಪ್ಪತ್ತು ಮಂದಿಯ ಒಂದು ಕುದುರೆ

ಕಲ್ಲಿನ ಊರಲ್ಲಿ ಇದ್ದುಕೊಂಡು ರೇಸ್ ಕುದುರೆ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ಮನೆ ಕೇಳಿಕೊಂಡು ಬರುತ್ತವೆ. ಶಹಾಬಾದಿನಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ ಇದೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವುದು. ಹೈದರಾಬಾದಿನಲ್ಲಿ ಓಡುವ ಒಂದು ಹೆಣ್ಣು ಕುದುರೆಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಇದೆ. ಮೊದಲಿನದರಿಂದ ನನ್ನ ಮನೆ ನಡೆಯುತ್ತದೆ. ಎರಡನೆಯದರಿಂದ ಓಣಿಯ ಮಂದಿಗೆ ಹೊತ್ತು ಹೋಗುತ್ತದೆ.

ಉಳಿದ ಹತ್ತೊಂಬತ್ತು

ಕುದುರೆ ನನಗೆ ಗಂಟು ಬಿದ್ದದ್ದು ಕಲ್ಲಿನಿಂದಲೇ. ಹೈದರಾಬಾದಿನ ಹೊರಗೆ ಒಂದು ಕುದುರೆ ಲಾಯಕ್ಕೆ ನೆಲಹಾಸು ಬೇಕಾಗಿತ್ತು. ನಾನು ಕನ್ನಡಿಯ ಹಾಗೆ ಹೊಳೆಯುವ ಕಲ್ಲು ತುಂಬಿಸಿಕೊಂಡು ಹೋದೆ. ಅಲ್ಲಿನ ಟ್ರೇನರ್ ನೋಡಿ ತಲೆಗೆ ಕೈ ಹಚ್ಚಿದರು. "ಇದರ ಮೇಲೆ ಕುದುರೆ ನಿಲ್ಲಲ್ಲ ಸಾಹೇಬ್ರೆ, ಜಾರಿ ಕಾಲು ಮುರಕೊಳ್ಳುತ್ತೆ." ಎಲ್ಲ ವಾಪಸ್ ತಂದು, ಒರಟು ಕಲ್ಲು ತುಂಬಿಕೊಂಡು ಮತ್ತೆ ಹೋದೆ. ಹಾಸುವ ಕೆಲಸ ನಾಲ್ಕು ದಿನ ನಡೆಯಿತು. ಆ ನಾಲ್ಕೂ ದಿನ ಒಂದು ಬೂದು ಬಣ್ಣದ ಮರಿ ಬಾಗಿಲ ಮೇಲಿಂದ ಕತ್ತು ಚಾಚಿ ನನ್ನ ಹೆಗಲ ಮೇಲಿನ ಟವೆಲ್ ಎಳೆಯುತ್ತಿತ್ತು. ಇಪ್ಪತ್ತು ಮಂದಿ ಕೂಡಿ ಅದನ್ನು ಕೊಳ್ಳುತ್ತಿದ್ದಾರೆ, ಒಬ್ಬರು ಕಡಿಮೆ ಇದ್ದಾರೆ ಅಂದರು ಟ್ರೇನರ್. ಐದನೇ ದಿನ ನಾನು ಇಪ್ಪತ್ತನೆಯವನಾಗಿ ಊರಿಗೆ ಬಂದೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಎಲ್ಲಿ ಕಟ್ಟತೀರಿ?"

"ಇಲ್ಲಿ ತರಂಗಿಲ್ಲ. ಅದು ಹೈದರಾಬಾದದಾಗೇ ಇರತದ."

"ಹತ್ತೋರು ಯಾರು?"

"ಜಾಕಿ ಹತ್ತತಾನ."

"ಮೇವು ಹಾಕೋರು?"

"ಅದಕ್ಕ ಬ್ಯಾರೇ ಮಂದಿ ಇರತಾರ."

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ ಕೇಳಿದಳು: "ಆತು. ಉಳದ ಹತ್ತೊಂಬತ್ತು ಮಂದಿ ಹೆಂಡರು ಏನಂದರು?"

ಮುಂದೆ ಹೈದರಾಬಾದಿಗೆ ಹೋದಾಗ ಒಬ್ಬೊಬ್ಬರನ್ನೇ ವಿಚಾರಿಸಿದೆ. ಹದಿನಾಲ್ಕು ಮಂದಿ ಮನೆಯಲ್ಲಿ ಇನ್ನೂ ಹೇಳಿಯೇ ಇರಲಿಲ್ಲ.

ಮನೆಯಲ್ಲಿನ ಫರ್ಸಿ

ಕುದುರೆಗೆ ಹೆಸರಿಡುವಾಗ ಪಾಲುದಾರರು ಕಳಿಸಿದ ಹೆಸರೆಲ್ಲ ಬೇರೆ ಕುದುರೆಗಳಿಗೆ ಮೊದಲೇ ಹೋಗಿದ್ದವು. ಉಳಿದದ್ದು ನನ್ನದು ಒಂದೇ. ಅದರ ಮೈಬಣ್ಣ ನಮ್ಮ ಕಲ್ಲಿನದೇ ಇತ್ತಲ್ಲ, 'ಫರ್ಸಿ ರಾಣಿ' ಅಂತ ಬರೆದು ಕಳಿಸಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ಇರಾನದ ಫಾರಸಿ ಭಾಷೆಯ ಹೆಸರೂ ಆಗುತ್ತದೆ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ.

ಮೊದಲ ರೇಸಿನ ದಿನ ಕುದುರೆಗಳನ್ನು ಸುತ್ತ ನಡೆಸುವ ಅಂಗಳದ ಕಟಾಂಜನದ ಹತ್ತಿರ ನಿಂತಿದ್ದೆ. ಮುತ್ತಿನ ಸರ ಹಾಕಿಕೊಂಡ ಒಬ್ಬ ಹಿರಿಯ ಹೆಣ್ಣುಮಗಳು ಬಂದು, ಭಾಳ ನಯವಾದ ಉರ್ದುವಿನಲ್ಲಿ ಮಾತಿಗೆ ನಿಂತರು. ನಾನು ನಮ್ಮ ಶಹಾಬಾದಿ ಉರ್ದುವಿನಲ್ಲಿ ಉತ್ತರ ಕೊಡುತ್ತ ಹೋದೆ.

"ಹೆಸರು ಕೇಳಿ ತುಂಬಾ ಸಂತೋಷವಾಯಿತು. ನಿಮ್ಮದು ಫಾರಸಿ ಮನೆತನವೇ?"

"ಹೌದ್ರಿ. ನಮ್ಮ ಅಜ್ಜನ ಕಾಲದಿಂದ ಅದೇ."

"ಈಗಲೂ ಮನೆಯಲ್ಲಿ ಉಳಿಸಿಕೊಂಡಿದ್ದೀರಾ?"

"ಹೂಂರಿ. ಪಡಸಾಲಿ, ಅಡಗಿಮನಿ, ಬಚ್ಚಲ, ಎಲ್ಲಾ ಕಡೆ ಅದೇ."

ಬಚ್ಚಲು ಅಂದಾಗ ಅವರು ಸ್ವಲ್ಪ ತಡೆದರು. ಆದರೂ ಬಿಡಲಿಲ್ಲ. "ಈಗಿನ ಕಾಲದಲ್ಲಿ ಇಂಥ ಅಭಿಮಾನ ಅಪರೂಪ. ಮಕ್ಕಳಿಗೂ ಆಸಕ್ತಿ ಇದೆಯೇ?"

ನಾನು ನಿಟ್ಟುಸಿರು ಬಿಟ್ಟೆ. "ಅದೇ ತ್ರಾಸ ನೋಡ್ರಿ. ಮಕ್ಕಳು ಎಲ್ಲಾ ಕಿತ್ತಿ ಟೈಲ್ಸ್ ಹಾಕಸೂಣು ಅಂತಾರ. ನಾ ಬದುಕಿರೋತನ ಕೊಡಂಗಿಲ್ಲ ಅಂದೀನಿ."

ಸೇಡಮ್ಮಿನ ಬಾರಾತು

ಸೇಡಮ್ಮಿನ ಒಬ್ಬ ತೊಗರಿ ವ್ಯಾಪಾರಿ ನನ್ನ ಹಳೆಯ ಗಿರಾಕಿ. ಮಗನ ಮದುವೆ ಗೊತ್ತಾಗಿತ್ತು. ಒಂದು ಕಿಲೋ ಪೇಢೆ ತಂದು ಮುಂದಿಟ್ಟು ಕುಂತರು.

"ನಿಮ್ಮ ಕುದುರಿ ಒಂದಿನ ಬೇಕಾಗಿತ್ರಿ. ಬಾರಾತಿನಾಗ ಮಗ ಅದರ ಮ್ಯಾಲೇ ಬರಬೇಕು ಅಂತ ನಮ್ಮ ಮನ್ಯಾಗಿನವರ ಆಸೆ."

ಅದು ಅಂಥ ಕುದುರೆ ಅಲ್ಲ, ಅದರಲ್ಲಿ ನನ್ನದು ಇಪ್ಪತ್ತರಲ್ಲಿ ಒಂದೇ ಪಾಲು ಅಂದೆ. ಅವರು ವ್ಯಾಪಾರಿ. ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ವರ್ಷದಾಗ ನಿಮ್ಮ ಪಾಲಿಗೆ ಹದಿನೆಂಟು ದಿನ ಬರತಾವ್ರಿ. ನಾ ಕೇಳಾಕತ್ತಿದ್ದು ಎರಡು ತಾಸು."

ಇವರನ್ನು ಹೆದರಿಸುವುದೇ ದಾರಿ ಅಂದುಕೊಂಡೆ. "ಕೊಡಬಹುದಿತ್ರಿ. ಆದ್ರ ಅದು ಬ್ಯಾಂಡಿನ ಸಪ್ಪಳ ಕೇಳಿದ ಕೂಡ್ಲೇ ಓಟ ಕಿತ್ತತದ. ನಿಮ್ಮ ಮಗನ್ನ ಹೊತ್ಕೊಂಡು ಸೀದಾ ತಾಂಡೂರಿಗೆ ಹೋಗಿ ನಿಂದರತದ."

ಅವರ ಮುಖ ಅರಳಿತು. "ಚೊಲೋನೇ ಆತಲ್ರಿ. ಬೀಗರು ತಾಂಡೂರಿನವರೇ ಇದ್ದಾರ."

ಸುಲೇಪೇಟದ ಹುಳ್ಳಿ

ಸುಲೇಪೇಟದಲ್ಲಿ ನನ್ನ ಸೋದರತ್ತೆ ಇದ್ದಾಳೆ. ಬಸ್ ಸ್ಟ್ಯಾಂಡಿನ ಹತ್ತಿರವೇ ಮನೆ. ಅಲ್ಲಿಗೆ ಹೋದಾಗ ಫೋನಿನಲ್ಲಿ ಕುದುರೆಯ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ಇಳಿಸಿ ನೋಡಿ, ಕಣ್ಣಲ್ಲಿ ನೀರು ತಂದಳು.

"ಏನಪಾ ಇದು, ಪಕ್ಕೆಲುಬು ಎಣಿಸಬಹುದು. ನಿಮ್ಮ ಮಂದಿ ಅದಕ್ಕ ಹೊಟ್ಟಿಗಿ ಹಾಕತಾರೋ ಇಲ್ಲೋ?"

"ಓಡೋ ಕುದುರಿ ಹಂಗೇ ಇರಬೇಕತ್ತಿ."

"ಯಾರು ಹೇಳಿದರು? ಹಸದವರು ಎಲ್ಲರೆ ಓಡತಾರೇನು?"

ಮರುದಿನ ನಾನು ಬಸ್ಸು ಹತ್ತುವಾಗ ಇಪ್ಪತ್ತೈದು ಕಿಲೋ ಹುಳ್ಳಿಯ, ಅಂದರೆ ಹುರುಳಿಯ, ಚೀಲ ನನಗಿಂತ ಮೊದಲೇ ಮೇಲೇರಿತ್ತು. ಅತ್ತೆಯ ಮಾತು ಮೀರುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಆ ಚೀಲ ಹೊತ್ತುಕೊಂಡು ಹೈದರಾಬಾದಿಗೆ ಹೋದೆ. ಟ್ರೇನರ್ ಚೀಲದ ಬಾಯಿಯನ್ನೂ ಬಿಚ್ಚಗೊಡಲಿಲ್ಲ. ರೇಸ್ ಕುದುರೆಯ ಮೇವು ತೂಕ ಮಾಡಿ ಹಾಕುವುದು, ಹೊರಗಿನ ಒಂದು ಕಾಳೂ ನಡೆಯುವುದಿಲ್ಲ, ಪರೀಕ್ಷೆಯಲ್ಲಿ ಏನಾದರೂ ಹೆಚ್ಚುಕಡಿಮೆ ಬಂದರೆ ಓಡುವುದಕ್ಕೇ ಬಿಡುವುದಿಲ್ಲ ಅಂದರು. ಚೀಲ ಹೊತ್ತುಕೊಂಡು ಶಹಾಬಾದಿಗೆ ಬಂದೆ.

ಹೆಂಡತಿ ಕಾಳು ಕೆಡಿಸುವವಳಲ್ಲ. ಹುಳ್ಳಿ ಸಾರು, ಹುಳ್ಳಿ ಪಲ್ಯ, ಹುಳ್ಳಿ ಉಸಳಿ ಸುರುವಾದವು. ಇಪ್ಪತ್ತು ದಿನದ ಮೇಲೆ ಅತ್ತೆಯ ಫೋನು ಬಂತು. ನಾನು ಊಟಕ್ಕೆ ಕುಂತಿದ್ದೆ, ಹೆಂಡತಿಯೇ ಎತ್ತಿಕೊಂಡಳು. ಆಕೆಗೆ ಸುಳ್ಳು ಹೇಳಿ ರೂಢಿ ಇಲ್ಲ.

"ತಿನ್ನಾಕತ್ತದೇನವಾ?" ಅಂತ ಅತ್ತೆ ಕೇಳಿದ್ದು ನನಗೂ ಕೇಳಿಸಿತು.

ಹೆಂಡತಿ ನನ್ನನ್ನೇ ನೋಡುತ್ತ ಹೇಳಿದಳು: "ಹೌದ್ರಿ ಅತ್ತಿ, ದಿನಾ ಎರಡು ಹೊತ್ತು ತಿನ್ನಾಕತ್ತದ. ಮೈ ಭೀ ಹತ್ತೇದ. ಓಡೋದು ಮಾತ್ರ ಇನ್ನಾ ಸುರು ಮಾಡಿಲ್ಲ."

ವಾಡಿ ಪ್ಲಾಟ್‌ಫಾರ್ಮಿನ ಸಾಕ್ಷಿ

ನನ್ನ ಕಾರ್ಖಾನೆಯ ಪಾಲಿಶ್ ಮಿಸ್ತ್ರಿಯನ್ನು ಊರೆಲ್ಲ ಚಾಚಾ ಅನ್ನುತ್ತದೆ. ಐದು ಹೊತ್ತಿನ ನಮಾಜಿನ ಮನುಷ್ಯ. "ನಾ ಪಂದ್ಯಕ್ಕ ಒಂದು ಪೈಸಾ ಹಚ್ಚಂಗಿಲ್ಲ. ಆದ್ರ ಓಡಾಕತ್ತಿದ್ದು ಕುದುರಿ, ಅದೇನು ಗುನ್ಹೆ ಮಾಡೇದ? ನೋಡತೀನಿ" ಅನ್ನುವವರು.

ಒಂದು ಮಧ್ಯಾಹ್ನ ಅವರ ಅಕ್ಕ ಮುಂಬೈ ಗಾಡಿಯಿಂದ ವಾಡಿಯಲ್ಲಿ ಇಳಿಯುವವರಿದ್ದರು. ಕರೆದುಕೊಂಡು ಬರಲು ಇಬ್ಬರೂ ಹೋದೆವು. ಗಾಡಿ ತಡ. ಅದೇ ಹೊತ್ತಿಗೆ ನಮ್ಮ ರಾಣಿಯ ರೇಸು. ಫೋನು ತೆಗೆದು ಬೆಂಚಿನ ಮೇಲೆ ನಿಲ್ಲಿಸಿದೆ. ಸುರುವಾಗುವಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಕಡಲೆ ಮಾರುವವರು, ಹಮಾಲರು, ಗುಲಬರ್ಗಾಕ್ಕೆ ಹೋಗುವ ಮಂದಿ ಎಲ್ಲ ಸೇರಿ ಇಪ್ಪತ್ತು ತಲೆ ಆದವು.

ಗೇಟು ತೆರೆಯಿತು. ತಿರುವಿಗೆ ಬರುವಾಗ ನಮ್ಮ ಬೂದು ಕುದುರೆ ಎಲ್ಲಕ್ಕಿಂತ ಮುಂದೆ. ಸರಿಯಾಗಿ ಆಗಲೇ ಪಕ್ಕದ ಹಳಿಯ ಮೇಲೆ ಸಿಮೆಂಟಿನ ಗೂಡ್ಸ್ ಗಾಡಿ ಬಂತು, ಫೋನಿನಲ್ಲಿ ಚಿತ್ರ ನಿಂತಿತು. ರಾಣಿಯ ನಾಲ್ಕೂ ಕಾಲು ಗಾಳಿಯಲ್ಲಿ, ಹಿಂದೆ ಹತ್ತು ಕುದುರೆ. ವ್ಯಾಗನ್ ಒಂದಾದ ಮೇಲೆ ಒಂದು ಹೋದವು, ಚಿತ್ರ ಅಲುಗಲಿಲ್ಲ.

ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿತು, "ಇದರಾಗ ನಮ್ಮದು ಯಾವುದು?" ತಿರುಗಿದರೆ ಚಾಚಾನ ಅಕ್ಕ, ಚೀಲ ಕೈಯಲ್ಲೇ ಹಿಡಿದು ನಿಂತಿದ್ದಾರೆ. ಅವರ ಗಾಡಿ ಬಂದು ಹೋದದ್ದು ನಮಗೆ ಯಾರಿಗೂ ತಿಳಿದಿರಲಿಲ್ಲ.

"ಮುಂದಿಂದು ನಮ್ಮದು ಆಪಾ," ಅಂದರು ಚಾಚಾ. "ಗೆದ್ದೇವು. ಎಲ್ಲಾರಿಗೂ ಚಹಾ ತರ್ರಿ."

ಚಹಾ ಕುಡಿದು ಮುಗಿಯುವಾಗ ಫೋನಿಗೆ ಮತ್ತೆ ಜೀವ ಬಂತು. ಫಲಿತಾಂಶ ನೋಡಿದೆ. ನಮ್ಮದು ಏಳನೆಯದು. ಸಣ್ಣ ದನಿಯಲ್ಲಿ ಚಾಚಾಗೆ ಹೇಳಿದೆ.

ಅವರು ಕಪ್ಪು ಕೆಳಗಿಟ್ಟು ಶಾಂತವಾಗಿ ಅಂದರು: "ಅದು ಆಮ್ಯಾಲಿನ ಮಾತು. ನಾವು ಇಪ್ಪತ್ತು ಮಂದಿ ನೋಡೋತನ ಅದು ಮುಂದೇ ಇತ್ತು. ನಾಳಿ ಚಿತ್ತಾಪುರ ಕೋರ್ಟಿನಾಗ ಕರದರೂ ನಾ ಇದೇ ಹೇಳತೀನಿ."

ಎರಡು ಮಾತಿನ ಹುಕುಂ

ಹೀಗೇ ಎರಡು ಹಂಗಾಮು ಕಳೆದವು. ಟ್ರೇನರ್ ಪ್ರತಿಸಲ ಜಾಕಿಗೆ "ಸುರುವಿನಿಂದಲೇ ಮುಂದೆ ಹಾಕು" ಅನ್ನುತ್ತಿದ್ದರು. ರಾಣಿ ಸುರುವಿನಲ್ಲಿ ಮುಂದೆ ಇರುತ್ತಿತ್ತು, ಕೊನೆಯಲ್ಲಿ ಹಿಂದೆ ಬೀಳುತ್ತಿತ್ತು. ಪಾಲುದಾರರಿಗೆ ಬೇಸರ ಬಂತು. ಈ ಸಲ ಮೊದಲ ಮೂರರೊಳಗೆ ಬರದಿದ್ದರೆ ಮಾರಿಬಿಡೋಣ ಅಂತ ನಿಶ್ಚಯವಾಯಿತು. ನನಗೆ ಎರಡು ದಿನ ಊಟ ಸೇರಲಿಲ್ಲ. ಹೆಂಡತಿ ಅದನ್ನು ನೋಡಿ, "ನಾನೂ ಬರತೀನಿ, ನಡೀರಿ. ಮಾರೋಕಿಂತ ಮೊದಲು ಒಮ್ಮೆ ಅದರ ಮಾರಿ ನೋಡತೀನಿ" ಅಂದಳು.

ರೇಸಿಗೆ ಮುಂಚೆ ಮಾಲೀಕರು ಹುಲ್ಲಿನ ಅಂಗಳದಲ್ಲಿ ನಿಂತಿರುತ್ತಾರೆ. ಜಾಕಿ ಬಂದು ಟೋಪಿ ಮುಟ್ಟಿ ಹುಕುಂ ಕೇಳುತ್ತಾನೆ. ಹೇಳುವುದು ಟ್ರೇನರ್ ಕೆಲಸ. ಅವತ್ತು ಜೀನಿನ ಪಟ್ಟಿ ಹರಿದು ಅವರು ಅತ್ತ ಓಡಿದ್ದರು. ಉಳಿದ ಪಾಲುದಾರರಲ್ಲಿ ಕೆಲವರು ಟ್ರಾಫಿಕ್‌ನಲ್ಲಿ, ಕೆಲವರು ಊಟದಲ್ಲಿ. ಜಾಕಿ ಬಂದು ನನ್ನ ಮುಂದೆಯೇ ನಿಂತ. ಕೊಲ್ಹಾಪುರದ ಕಡೆಯ ಹೊಸ ಮನುಷ್ಯ, ಹಿಂದೆ ಈ ಕುದುರೆ ಹತ್ತಿದವನಲ್ಲ.

"ಏನು ಹುಕುಂ, ಸಾಹೇಬ್?"

ಹೊರಟು ನಿಂತ ಮನುಷ್ಯನಿಗೆ ನಮ್ಮ ಕಡೆ ಬಾಯಿಗೆ ಬರುವ ಮಾತು ಒಂದೇ, ಬಸ್ಸು ಹತ್ತುವವರಿಗೂ ಅದೇ, ಗಾಡಿ ಹತ್ತುವವರಿಗೂ ಅದೇ. ನಾನು ಕೈ ಮುಗಿದು ಅಂದೆ:

"ಸಾವಕಾಶ ಹೋಗಿ ಬರ್ರಿ."

ಅವನಿಗೆ ಕನ್ನಡ ಬಾರದು. ಆದರೆ 'ಸಾವಕಾಶ' ಅನ್ನುವುದು ಮರಾಠಿಯಲ್ಲೂ ಅದೇ. ಅವನು ಹುಬ್ಬೇರಿಸಿ "ಸಾವಕಾಶ?" ಅಂದ. ನಾನು ಗಂಭೀರವಾಗಿ ತಲೆ ಆಡಿಸಿದೆ. ಅವನು ಹೋದ.

ಹೆಂಡತಿ ನನ್ನ ತೋಳು ಹಿಡಿದಳು. "ಓಡೋ ಪಂದ್ಯದಾಗ ಸಾವಕಾಶ ಹೋಗು ಅಂದ್ರೇನು?"

ಆಗ ನನಗೆ ತಿಳಿಯಿತು. ಕೂಗಿ ಕರೆಯೋಣ ಅಂದರೆ ಕುದುರೆಗಳು ಗೇಟಿನ ಕಡೆ ಹೋಗಿಬಿಟ್ಟಿದ್ದವು.

ರೇಸು ಸುರುವಾಯಿತು. ರಾಣಿ ಎಲ್ಲಕ್ಕಿಂತ ಹಿಂದೆ, ನಡುವೆ ಎರಡು ಲಾರಿ ನಿಲ್ಲುವಷ್ಟು ಜಾಗ ಬಿಟ್ಟು, ಹೊಲಕ್ಕೆ ಬುತ್ತಿ ಒಯ್ಯುವವರ ಹಾಗೆ ಹೋಗುತ್ತಿತ್ತು. ಟ್ರೇನರ್ ಓಡಿ ಬಂದು, "ಇವನಿಗೇನಾಗಿದೆ? ಯಾರು ಏನು ಹೇಳಿದರು?" ಅಂದರು. ನಾನು ಆಕಾಶ ನೋಡಿದೆ.

ತಿರುವಿನಲ್ಲಿ ಮುಂದಿನ ಕುದುರೆಗಳಿಗೆ ಏದುಸಿರು ಬಂತು. ಒಂದಕ್ಕೊಂದು ಪೈಪೋಟಿ ಮಾಡಿ ದಣಿದಿದ್ದವು. ಆಗ ಹೊರಗಿನ ಅಂಚಿನಿಂದ ಒಂದು ಬೂದು ಬಣ್ಣ ಹೊರಟಿತು. ಎಂಟನೆಯದಾಯಿತು, ಐದನೆಯದಾಯಿತು, ಮೂರನೆಯದಾಯಿತು. ಇಷ್ಟು ಸಾಕು ತಾಯಿ, ಮೂರು ಸಾಕು ಅಂತ ನಾನು ಅನ್ನುತ್ತಿದ್ದೆ. ಬೀದಿಯಲ್ಲಿ ಹೋಗುವ ತರಕಾರಿ ಗಾಡಿಯನ್ನೂ ಮೆಲ್ಲಗೆ ಕರೆಯುವ ನನ್ನ ಹೆಂಡತಿ ಕುರ್ಚಿಯ ಮೇಲೆ ಹತ್ತಿ ನಿಂತು ಹೈದರಾಬಾದಿಗೆಲ್ಲ ಕೇಳುವಂತೆ ಒದರುತ್ತಿದ್ದಳು. ರಾಣಿ ಒಂದು ಕತ್ತಿನಷ್ಟು ಮುಂದೆ ಬಂದು ಗೆದ್ದಿತು.

ಜಾಕಿ ಇಳಿದವನೇ ನನಗೆ ಸಲಾಮು ಹೊಡೆದ. "ನೀವು ಹೇಳಿದ್ದು ಸರಿ ಸಾಹೇಬ್. ಇದು ಹಿಂದಿನಿಂದ ಬರೋ ಕುದುರೆ. ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ." ಟ್ರೇನರ್ ನನ್ನ ಕೈ ಕುಲುಕಿ ಬಿಡಲೇ ಇಲ್ಲ. ಮಾರುವ ಮಾತು ಅಲ್ಲಿಗೇ ಮುಗಿಯಿತು. ಗೆದ್ದ ಮೇಲೆ ತೆಗೆದ ಫೋಟೋದಲ್ಲಿ ಲಗಾಮು ಹಿಡಿದವಳು ಹೆಂಡತಿ. ನಾನು ಕುದುರೆಯ ಆಚೆ ಬದಿ ಇದ್ದೆ, ನನ್ನ ಬೂಟು ಕಾಣುತ್ತದೆ.

ಅಷ್ಟರಲ್ಲಿ ಮೂರು ಕುದುರೆಗಳ ಒಡೆಯರಾದ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. ಹೈದರಾಬಾದಿನ ಹಳೆಯ ಶ್ರೀಮಂತರು.

"ನಾನು ನೋಡುತ್ತಿದ್ದೆ. ನೀವು ಕೈ ಮುಗಿದು ಜಾಕಿಗೆ ಏನೋ ಹೇಳಿದಿರಿ. ಎರಡೇ ಮಾತು. ಏನದು?"

ಏನೂ ಇಲ್ಲ, ನಮ್ಮ ಕಡೆ ಎಲ್ಲರಿಗೂ ಅನ್ನುವ ಮಾತು ಅಂದೆ. ಅವರು ನಂಬಲಿಲ್ಲ. ರೇಸ್ ಪುಸ್ತಕದ ಅಂಚಿನಲ್ಲಿ ಬರೆಸಿಕೊಂಡು, ನಾಲ್ಕು ಸಲ ಓದಿ, ಕಣ್ಣು ಮುಚ್ಚಿ ಬಾಯಿಪಾಠ ಮಾಡಿದರು. ಅರ್ಥ ಹೇಳಲು ಹೋದರೆ, "ಬೇಡ, ಅರ್ಥ ಹೇಳಿದರೆ ಶಕ್ತಿ ಹೋಗುತ್ತೆ" ಅಂದರು.

ಮುಂದಿನ ರೇಸಿನಲ್ಲಿ ಅವರ ಕುದುರೆ. ಅದರ ಮೇಲೆ ಇಡೀ ಮೈದಾನದ ಭರವಸೆ. ಅವರು ಜಾಕಿಯ ಮುಂದೆ ಕೈ ಮುಗಿದು, ಆಮೇಲೆ ಕುದುರೆಯ ಕಿವಿಯ ಹತ್ತಿರ ಬಾಗಿ, "ಸಾವಕಾಶ ಹೋಗಿ ಬರ್ರಿ" ಅಂತ ಸ್ಪಷ್ಟವಾಗಿ ಹೇಳಿದ್ದನ್ನು ನಾನೂ ಹೆಂಡತಿಯೂ ನೋಡಿದೆವು. ಜಾಕಿ ರಾಜಸ್ಥಾನದವನು. ಒಂದಕ್ಷರವೂ ತಿಳಿಯದೆ ಸುಮ್ಮನೆ ನಕ್ಕ.

ಕುದುರೆ ಎಲ್ಲಕ್ಕಿಂತ ಕೊನೆಗೆ, ಆರಾಮಾಗಿ ಬಂದು ಮುಟ್ಟಿತು.

ಹೆಂಡತಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಜಾಕಿಗೆ ಕನ್ನಡ ಬರಂಗಿಲ್ಲ ಖರೆ. ಕುದುರಿಗಿ ಬರತದ ಅಂತ ಕಾಣತದ ನೋಡ್ರಿ."