ಹದಿನಾಲ್ಕು ವನ್ಸ್ ಮೋರ್

ಕಂಪನಿ ನಾಟಕದಲ್ಲಿ ನಾನು ರಾಜನಾಗಿ ನಿಂತು ಹಾಡಿದರೆ ಜನ ಬಿಡುತ್ತಿರಲಿಲ್ಲ. ಗದಗದಲ್ಲಿ ಒಂದೇ ಹಾಡಿಗೆ ಹದಿನಾಲ್ಕು ವನ್ಸ್ ಮೋರ್! ನೋಡಿದವರು ಯಾರೂ ಈಗಿಲ್ಲ. ಇದ್ದರೂ ಐರ್ಲೆಂಡಿಗೆ ಬಂದು "ಸುಳ್ಳು" ಅನ್ನೋಕೆ ವಿಮಾನವಿಲ್ಲ. ಎರಡು ತಿಂಗಳಿಗೆಂದು ಆಡಮ್ಸ್‌ಟೌನಿನ ಮಗಳ ಮನೆಗೆ ಬಂದವನು ಲಾಕ್‌ಡೌನಿಗೆ ಸಿಕ್ಕಿಬಿದ್ದಿದ್ದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಇಂಗ್ಲಿಷ್ ಬಾರದು. ಆದರೂ ಈಗ ಹೇಳಲಿರುವಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ಪಾರ್ಟು

ಇಲ್ಲಿನ ಕನ್ನಡದವರು ವರ್ಷಕ್ಕೊಂದು ಹಾಡು-ಹಾಸ್ಯದ ನಾಟಕ ಆಡುತ್ತಾರೆ. ಆ ಸಲ ಹಾಲ್ ಬಂದ್, ಜೂಮಿನಲ್ಲೇ ಆಟ. ಆಚೆ ಊರು ಸಿಟಿವೆಸ್ಟ್‌ನಲ್ಲಿದ್ದ ನಾಟಕದ ಡೈರೆಕ್ಟರು ಫೋನಿನಲ್ಲಿ ಕೇಳಿದರು: "ಅಂಕಲ್, ಒಂದ್ಸಲ ಹಾಡಿ ತೋರಿಸ್ತೀರಾ? ರಾಜನ ಪಾರ್ಟನ್ನ ಕಾರ್ಕ್ ಊರಿನವರೊಬ್ಬರೂ ಕೇಳ್ತಿದಾರೆ."

"ಹದಿನಾಲ್ಕು ವನ್ಸ್ ಮೋರ್ ತಗೊಂಡವನಿಗೆ ಪರೀಕ್ಷೆನಾ?"

ರಾಜ ನಾನಾದೆ, ಕಾರ್ಕ್‌ನವರು ಮಂತ್ರಿ. ಅವತ್ತಿಂದ ನಾನು ಒಂದು ಸಲ ಕೆಮ್ಮಿದರೂ ಸಾಕು, ಮಂತ್ರಿಗಳು ಆಸೆಯಿಂದ ಕೇಳೋರು: "ರಾಜರೇ, ಜ್ವರನೂ ಇದೆಯಾ?"

ಕಿರೀಟ

ಕಿರೀಟ ಸಿಟಿವೆಸ್ಟ್‌ನಲ್ಲಿ, ಡೈರೆಕ್ಟರ ಮನೆಯಲ್ಲಿತ್ತು. ಲಾಕ್‌ಡೌನಿನಲ್ಲಿ ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟುವ ಹಾಗಿಲ್ಲ. ಡೈರೆಕ್ಟರು ಆ ಕಡೆಯಿಂದ, ನಾನೂ ಮೊಮ್ಮಗಳೂ ಈ ಕಡೆಯಿಂದ ನಡೆದೆವು. ನಡುದಾರಿಯಲ್ಲಿ ಅವರು ಬೇಲಿಯ ಮೇಲಿಟ್ಟು ದೂರ ಸರಿದರು, ನಾನು ಎತ್ತಿಕೊಂಡೆ. ಚೀಲ ತಂದಿರಲಿಲ್ಲ. ತಲೆಗೇ ಇಟ್ಟುಕೊಂಡು ಹೊರಟೆ.

ಪೊಲೀಸಿನವನು ತಡೆದ. ಮೊಮ್ಮಗಳು ಅವನದೇ ಧಾಟಿಯ ಇಂಗ್ಲಿಷಿನಲ್ಲಿ ವಿವರಿಸಿದಳು. "ಗ್ರ್ಯಾಂಡ್, ಯುವರ್ ಮೆಜೆಸ್ಟಿ!" ಅಂತ ಸೆಲ್ಯೂಟ್ ಹೊಡೆದು ಬಿಟ್ಟ.

ನಾನು ಊರಿಗೆ ಫೋನ್ ಮಾಡಿ ಹೇಳುವ ಹೊತ್ತಿಗೆ ಆ ಒಬ್ಬ ಪೊಲೀಸಿನವನು ಹದಿನೆಂಟು ಜನ ಆಗಿದ್ದ, ಕುದುರೆ ಸಮೇತ.

ಆಟ

ಜೂಮಿನಲ್ಲಿ ನೋಡೋರ ಮೈಕು ಬಂದ್, ಅಂದರೆ ಬಾಯಿ ಬಂದ್. ವನ್ಸ್ ಮೋರ್ ಎಲ್ಲಿಂದ ಬರಬೇಕು? ಬಾರದಿದ್ದರೆ ನನ್ನ ಮಾನ ಏನಾಗಬೇಕು? ಹಾಡು ಮುಗಿದ ಕೂಡಲೇ ಅಡುಗೆಮನೆಯಿಂದ ಕೂಗು ಅಂತ ಮೊಮ್ಮಗಳಿಗೆ ಹೇಳಿಕೊಟ್ಟಿದ್ದೆ. ನಾನಿನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, "ವನ್ಸ್ ಮೋರ್!" ಅಂದುಬಿಟ್ಟಳು. ಮಂತ್ರಿಗಳು ಕಿಸಕ್ಕನೆ ನಕ್ಕರು.

ಕಣ್ಣು ಮುಚ್ಚಿ ಹಾಡಿದೆ. ಚೆನ್ನಾಗೇ ಹಾಡಿದೆ. ಮುಗಿದದ್ದೇ ತಡ, ಹಳೇ ಅಭ್ಯಾಸ ನೋಡಿ, ಕಂಪನಿಯಲ್ಲಿ ಪರದೆ ಬಿಡುವಾಗ ಹಾಕುತ್ತಿದ್ದ ಶಿಳ್ಳೆ ತಾನಾಗೇ ಬಂತು. ಕೈ ಹಿಂದಕ್ಕೆ ಹೋಗಿ ಕಿಟಕಿಯ ಬ್ಲೈಂಡಿನ ಹಗ್ಗ ಜಗ್ಗಿ ದಡಾರಂತ ಇಳಿಸಿಬಿಟ್ಟಿತು.

ಗದಗದಿಂದ ಆಟ ನೋಡುತ್ತಿದ್ದ ಡೈರೆಕ್ಟರ ಅಜ್ಜಿ, ನನ್ನ ಹದಿನಾಲ್ಕರ ಕತೆ ಮೊದಲೇ ಕೇಳಿದ್ದವರು, ಮೈಕು ತೆರೆಸಿಕೊಂಡು ದನಿ ಎತ್ತಿದರು: "ಏ, ಈ ಶಿಳ್ಳಿ ನನಗ ಗೊತ್ತೈತಿ! ನೀ ನಮ್ಮ ಕಂಪನ್ಯಾಗ ಪರದೆ ಎಳೀತಿದ್ದವ ಅಲ್ಲೇನೋ? ರಾಣಿ ಪಾರ್ಟು ನಂದು. ಆ ಹದಿನಾಕು ವನ್ಸ್ ಮೋರ್ ನನಗ ಬಿದ್ದಿದ್ದು!"

ಜೂಮಿನ ಪರದೆಯ ಮೇಲಿನ ಅಷ್ಟೂ ಮನೆಯವರು ನನ್ನನ್ನೇ ನೋಡುತ್ತಿದ್ದರು. ಕಿರೀಟ ಸರಿಮಾಡಿಕೊಂಡು ಭುಜ ಕುಣಿಸಿದೆ.

"ಇರಬಹುದು ತಾಯಿ. ಹದಿನಾಲ್ಕು ಸಲವೂ ಪರದೆ ಎತ್ತಿದ್ದು ಯಾರು?"